ಗಾಂಧಾರವಿಲ್ಲದ ರಾಷ್ಟ್ರಗೀತೆ

ಟೋಕಿಯೊದ ಕೊಕುಗಿಕಾನ್ ಅಖಾಡದಲ್ಲಿ ಸುಮೊ ಪಂದ್ಯಾವಳಿಯ ಕೊನೆಯ ದಿನ. ಕಡೆಯ ಕುಸ್ತಿ ಮುಗಿದದ್ದೇ ಜನರೆಲ್ಲ ಎದ್ದುನಿಂತು ಜಪಾನಿನ ರಾಷ್ಟ್ರಗೀತೆ 'ಕಿಮಿಗಾಯೊ' ಹಾಡಿದರು. ಯುದ್ಧದ ಹುರುಪಿಲ್ಲ, ಕಹಳೆಯ ಅಬ್ಬರವಿಲ್ಲ. ಷಡ್ಜದಿಂದ ಒಂದು ಸ್ವರ ಕೆಳಗಿಳಿದು, ಮರಳಿ ಬಂದು, ಮೆಲ್ಲಗೆ ಮೇಲೇರಿ, ಕೊನೆಗೆ ಷಡ್ಜದಲ್ಲೇ ತಂಗುವ ಪುಟ್ಟ ಹಾಡು. ನಮ್ಮ ಲೆಕ್ಕದಲ್ಲಿ ನೋಡಿದರೆ ಅದರಲ್ಲಿ ಗಾಂಧಾರವೇ ಇಲ್ಲ.

ಈ ಪದಕ್ಕೆ ಮೊದಲು ಬೇರೆ ಧಾಟಿಯಿತ್ತು. ಅದರ ಜಾಡು ಹಿಡಿದು ಯೊಕೊಹಾಮಾದ ಮ್ಯೋಕೋಜಿ ಎಂಬ ಬೌದ್ಧ ದೇಗುಲಕ್ಕೆ ಹೋದೆ. 1869ರಲ್ಲಿ ಸಾತ್ಸುಮಾ ಸೀಮೆಯ ತರುಣರು ಇಲ್ಲಿಯೇ ಬ್ರಿಟಿಷ್ ಬ್ಯಾಂಡ್ ಮಾಸ್ಟರ್ ಜಾನ್ ವಿಲಿಯಂ ಫೆಂಟನ್ ಬಳಿ ವಾದ್ಯ ಕಲಿತದ್ದು. ಕಿಮಿಗಾಯೊ ಎಂಬ ಸಾವಿರ ವರ್ಷ ಹಳೆಯ ಜಪಾನೀ ಪದ್ಯಕ್ಕೆ ಫೆಂಟನ್ ಸ್ವರ ಹಾಕಿದ. ಆದರೆ ಮಾತು ಒಂದು ದಿಕ್ಕು, ರಾಗ ಇನ್ನೊಂದು ದಿಕ್ಕು. 1880ರಲ್ಲಿ ಅರಮನೆಯ ಸಂಗೀತಗಾರರೇ ಹೊಸ ಧಾಟಿ ಕಟ್ಟಿದರು. ದಾಖಲಾದ ಹೆಸರು ಹಯಾಶಿ ಹಿರೊಮೊರಿಯದು.

ಆ ಧಾಟಿಯ ಬೇರು ಗಾಗಾಕು ಎಂಬ ಆಸ್ಥಾನ ಸಂಗೀತದಲ್ಲಿದೆ. ಟೋಕಿಯೊದ ಮೇಜಿ ದೇಗುಲದಲ್ಲಿ ಮದುವೆ ಮೆರವಣಿಗೆಯೊಂದರ ಮುಂದೆ ಅದನ್ನು ಕೇಳಿದೆ. ಹಿಚಿರಿಕಿ ಎಂಬುದು ಗೇಣುದ್ದದ ಓಲಗದಂತೆ ಕಿವಿ ಸೀಳುತ್ತದೆ. ಹದಿನೇಳು ಬಿದಿರು ಕೊಳವೆಗಳ ಶೋ ಉಸಿರು ಬಿಟ್ಟಾಗಲೂ ಎಳೆದಾಗಲೂ ನುಡಿಯುವುದರಿಂದ ಅದರ ನಾದ ಕಡಿಯುವುದೇ ಇಲ್ಲ. ಈ ಗಾಗಾಕು ಕೂಡ ಬಹುಪಾಲು ಚೀನಾ, ಕೊರಿಯಾಗಳಿಂದ ಬಂದದ್ದೇ. ಸಾವಿರ ವರ್ಷ ನುಡಿಸಿ ನುಡಿಸಿ ಜಪಾನೀಯರು ಅದನ್ನು ತಮ್ಮದಾಗಿಸಿಕೊಂಡರು.

ಹೊಸ ಧಾಟಿಯನ್ನು ಬ್ಯಾಂಡಿಗೆ ಹೊಂದಿಸಿದವನು ಜರ್ಮನಿಯ ಫ್ರಾಂಜ್ ಎಕರ್ಟ್. ನಡುವೆ ಪಾಶ್ಚಾತ್ಯ ಸ್ವರಮೇಳ ಕೂಡಿಸಿದ. ಮೊದಲನ್ನೂ ಕೊನೆಯನ್ನೂ ಒಂಟಿ ಸ್ವರದಲ್ಲೇ ಬಿಟ್ಟ. ಆ ಸಂಯಮಕ್ಕೆ ನಾನು ಕೈಮುಗಿಯುತ್ತೇನೆ. ಆಸ್ಥಾನದ ದನಿ ಇವತ್ತಿಗೂ ಅಲ್ಲಿ ಕೇಳಿಸುವುದು ಅದರಿಂದಲೇ.

ಎಕರ್ಟ್‌ನ ಸಮಾಧಿ ಸೋಲ್ ನಗರದಲ್ಲಿದೆ, ಹಾನ್ ನದಿಯ ಬಳಿಯ ಯಾಂಗ್‌ಹ್ವಾಜಿನ್ ವಿದೇಶಿಯರ ಸ್ಮಶಾನದಲ್ಲಿ. 1902ರಲ್ಲಿ ಕೊರಿಯಾ ಸಾಮ್ರಾಜ್ಯದ ಗೀತೆಯನ್ನು ಸಂಯೋಜಿಸಿದವನೂ ಅವನೇ. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ಆ ಗೀತೆಯ ಬಾಯಿ ಕಟ್ಟಿ ಕಿಮಿಗಾಯೊ ಹೇರಿತು. ತಮ್ಮದಾಗಿಸಿಕೊಂಡ ರಾಗವೆಂಬ ಕಾರಣಕ್ಕೆ ಕಿಮಿಗಾಯೊ ಮೇಲಿನ ಈ ಕಲೆ ಅಳಿಯದು. ಪಾನ್ಸೊರಿಯಂಥ ಸಾಂಪ್ರದಾಯಿಕ ಗಾಯನವಿರುವ ದಕ್ಷಿಣ ಕೊರಿಯಾದ ಇಂದಿನ ರಾಷ್ಟ್ರಗೀತೆಯಾದರೋ ಪೂರಾ ಪಾಶ್ಚಾತ್ಯ ಶೈಲಿಯದು, ಆನ್ ಇಕ್‌ತೇ 1930ರ ದಶಕದಲ್ಲಿ ಅದಕ್ಕೆ ಧಾಟಿ ಕಟ್ಟಿದ್ದು. ಅದಕ್ಕೂ ಮುಂಚೆ ಅದೇ ಮಾತುಗಳನ್ನು ಸ್ಕಾಟ್ಲೆಂಡಿನ ಹಾಡೊಂದರ ಧಾಟಿಯಲ್ಲಿ ಹೇಳುತ್ತಿದ್ದರು. ಇದನ್ನು ಕೊರತೆ ಎನ್ನಲು ನನಗೆ ಮನಸ್ಸಾಗದು: ನಾಡು ಕಳೆದುಕೊಂಡು ಪರದೇಶಗಳಲ್ಲಿ ಬದುಕಿದವರು ಹಾಡಿಕೊಂಡದ್ದು ಆ ಎರವಲು ಧಾಟಿಯನ್ನೇ.