ಐಹೊಳೆಯ ಬೆಟ್ಟದ ಮೇಲೊಂದು ಪಾಠ

ಪರದೇಶದಲ್ಲಿ ಬೆಳೆದ ಮಕ್ಕಳಿಗೆ ಪೂರ್ವಿಕರ ನಾಡನ್ನು ತೋರಿಸುವುದು ಹಿರಿಯರ ಕರ್ತವ್ಯವೆಂದು ನಾವು ಬಹುಕಾಲದಿಂದ ಬಲ್ಲೆವು. ಅದನ್ನು ನೆರವೇರಿಸುವ ಬಗೆಯನ್ನು ಮಾತ್ರ ಕಳೆದ ಪುಷ್ಯಮಾಸದಲ್ಲಿ ಕಲಿತೆವು.

ಅಮೆರಿಕೆಯಲ್ಲಿರುವ ನಮ್ಮ ಮಗನು ರಜೆಯಲ್ಲಿ ಸಂಸಾರಸಮೇತನಾಗಿ ಬಂದಿದ್ದನು. ಹನ್ನೊಂದು ವರ್ಷದ ಮೊಮ್ಮಗಳು ಕನ್ನಡವನ್ನು ಚೆನ್ನಾಗಿ ಮಾತನಾಡುವಳು, ಓದಲು ಬಾರದು. ಬಾದಾಮಿಯ ಪೇಟೆಯಲ್ಲಿ ಅಂಗಡಿಯ ಹಲಗೆಯೊಂದನ್ನು ಓದಲಾರದೆ ಅವಳು ನಿಂತಾಗ, “ತಾತ ಮೇಷ್ಟ್ರು, ಮೊಮ್ಮಗಳು ನಿರಕ್ಷರಕುಕ್ಷಿ!” ಎಂದು ಎಲ್ಲರೆದುರಿಗೆ ಹಾಸ್ಯಮಾಡಿದೆವು. ಅಂದು ರಾತ್ರಿ ಮಗು ನಮ್ಮೊಡನೆ ಮಾತನಾಡಲಿಲ್ಲ.

ಮರುದಿನ ಪಟ್ಟದಕಲ್ಲನ್ನು ನೋಡಿಕೊಂಡು ಐಹೊಳೆಗೆ ಹೋಗಿ, ಮೇಗುಟಿಯ ಬೆಟ್ಟವನ್ನು ಹತ್ತಿದೆವು. ಅಲ್ಲಿಯ ಜಿನಾಲಯದ ಹೊರಗೋಡೆಯಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಸ್ತುತಿಸಿ ರಚಿಸಿದ ಶಾಸನವಿದೆ. ಕಾಲ ಶಕ 556, ಎಂದರೆ ಕ್ರಿ.ಶ. 634. ಕಾಳಿದಾಸ ಭಾರವಿಗಳ ಹೆಸರು ಅದರಲ್ಲಿ ಬಂದಿರುವುದರಿಂದ, ಆ ಕವಿಗಳು ಅದಕ್ಕಿಂತ ಈಚಿನವರಲ್ಲವೆಂಬುದು ಸಿದ್ಧವಾಯಿತು. ಇದನ್ನು ನಾವು ಮೂವತ್ತು ವರ್ಷ ಅಚ್ಚಿನ ಪುಸ್ತಕದಿಂದ ಪಾಠಹೇಳಿದವರು. ಆದುದರಿಂದ ಉತ್ಸಾಹದಿಂದ ವ್ಯಾಖ್ಯಾನವನ್ನು ಆರಂಭಿಸಿದೆವು.

ಆಗ ಮಗು ಮೌನವನ್ನು ಮುರಿದು, “ತಾತ, ಇದನ್ನು ಓದಿ” ಎಂದಿತು.

ಭಾಷೆಯೇನೋ ಸಂಸ್ಕೃತ, ಲಿಪಿಯಾದರೋ ನಮ್ಮ ಕನ್ನಡ ಲಿಪಿಯ ಪ್ರಾಚೀನ ರೂಪ. ಒಂದು ಅಕ್ಷರವೂ ತಿಳಿಯಲಿಲ್ಲ. “ಬಾರದು, ಮಗು” ಎಂದೆವು. ಅವಳು ನಗಲಿಲ್ಲ. “ಹಾಗಾದರೆ ನೀವೂ ನನ್ನ ಹಾಗೆಯೇ” ಎಂದಳು. ಹಿಂದಿನ ದಿನದ ಹಾಸ್ಯವು ನಮ್ಮ ಎದೆಗೇ ಬಂದು ನಾಟಿತು.

ಇಬ್ಬರೂ ಗೋಡೆಯೆದುರು ಕುಳಿತೆವು. ಕಂಠಸ್ಥವಾಗಿದ್ದ ಮೊದಲ ಶ್ಲೋಕವನ್ನು ನಾವು ಬಿಡಿಬಿಡಿಯಾಗಿ ಹೇಳುತ್ತ ಬಂದೆವು. ಅವಳು ಒಂದೊಂದೇ ಆಕೃತಿಯನ್ನು ಪುಸ್ತಕದಲ್ಲಿ ಬರೆದುಕೊಂಡಳು. ಕಮಾನಿನಂತಿದ್ದುದು ‘ಗ’ಕಾರವೆಂದು ಹೊಳೆಯಿತು. ಅದರ ಪಕ್ಕದಲ್ಲಿ ಇಂದಿನ ‘ಗ’ವನ್ನು ಬರೆದು ತೋರಿಸಿದೆವು. “ಅದೇ ಕಮಾನು! ಮೇಲೆ ತಲೆಕಟ್ಟು ಬಂದಿದೆ, ಅಷ್ಟೆ” ಎಂದು ಅವಳು ಹಿಗ್ಗಿದಳು. ಬಿಸಿಲೇರುವುದರೊಳಗೆ ನಾಲ್ಕು ಅಕ್ಷರಗಳು ಇಬ್ಬರಿಗೂ ವಶವಾದುವು.

ದೂರದೇಶದಿಂದ ಬಂದ ಮಕ್ಕಳಿಗೆ ಗುಡಿಗೋಪುರಗಳ ಪಟ್ಟಿಯನ್ನು ಒಪ್ಪಿಸುವುದರಿಂದ ಪ್ರವಾಸವು ಸಫಲವಾಗದು. ಅವರಿಗೆ ಬಾರದುದನ್ನು ಎತ್ತಿ ಆಡಿದರೆ ನಾಡು ಇನ್ನಷ್ಟು ದೂರವಾಗುವುದು. ಹಿರಿಯರೂ ವಿದ್ಯಾರ್ಥಿಗಳಾಗಿ ಜೊತೆಯಲ್ಲಿ ಕುಳಿತರೆ ಕಲ್ಲೂ ಪಾಠಹೇಳುವುದು.

ಮೊನ್ನೆ ಮೊಮ್ಮಗಳಿಂದ ಪತ್ರ ಬಂದಿತು; ಕನ್ನಡದಲ್ಲಿ ಮೂರು ಸಾಲು. ತಾತನಿಗೆ ಎಷ್ಟು ಅಕ್ಷರ ಬಂದಿವೆಯೆಂದು ಕೇಳಿದ್ದಾಳೆ. ಹನ್ನೆರಡು ಬಂದಿವೆಯೆಂದು ಉತ್ತರ ಬರೆದಿರುವೆವು.