ಹೂವು ಮಹಡಿ ಹತ್ತಲಿಲ್ಲ

ಬೆಳಗಿನ ಜಾವ ನಾಲ್ಕು ಗಂಟೆ. ಬೆಂಗಳೂರು ಇನ್ನೂ ಹೊದ್ದು ಮಲಗಿರುವ ಈ ಹೊತ್ತಿನಲ್ಲಿ ಸಿಟಿ ಮಾರ್ಕೆಟ್ಟಿನಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ. ಮೂಟೆಗಳಿಂದ ಸುರಿದ ಚೆಂಡುಹೂವು, ಸೇವಂತಿಗೆ, ಒದ್ದೆ ಬಟ್ಟೆ ಹೊದ್ದ ಕನಕಾಂಬರ. ‘ಸೈಡು, ಸೈಡು’ ಎಂದು ತಲೆಹೊರೆಯವನು ನುಗ್ಗಿದರೆ ದಾರಿ ಬಿಡಲೇಬೇಕು. ಬಿಡದವರ ಬೆನ್ನಿಗೆ ಕೋಸಿನ ಮೂಟೆಯ ಪರಿಚಯವಾಗುತ್ತದೆ!

ಕೃಷ್ಣರಾಜೇಂದ್ರ ಮಾರುಕಟ್ಟೆ ಎಂಬುದು ಇದರ ಪೂರ್ಣ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1928ರಲ್ಲಿ ಆರಂಭವಾದದ್ದು. ಅದಕ್ಕೂ ಮೊದಲು ಇಲ್ಲಿದ್ದುದು ಸಿದ್ದಿಕಟ್ಟೆ ಎಂಬ ಕೆರೆ. ಕೂಗಳತೆಯಲ್ಲೇ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ಕೋಟೆಯಿದೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ನಗರದ ಬೀದಿದೀಪಗಳು ಮೊದಲು ಬೆಳಗಿದ್ದೂ ಈ ಆಸುಪಾಸಿನಲ್ಲಿಯೇ. ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆ ತೋರಿಸಲು ಮಕ್ಕಳನ್ನು ಕರೆತರುವ ತಂದೆತಾಯಿಗಳು ಮಾರ್ಕೆಟ್ಟನ್ನು ಮಾತ್ರ ಮೂಗು ಮುಚ್ಚಿಕೊಂಡು ದಾಟಿಸಿಬಿಡುತ್ತಾರೆ. ಪಾಠವಿರುವುದು ಇಲ್ಲಿಯೂ ಹೌದು.

1990ರ ದಶಕದಲ್ಲಿ ಹಳೆಯ ಕಲ್ಲಿನ ಕಟ್ಟಡಗಳ ನಡುವೆ ಬಹುಮಹಡಿ ಸಂಕೀರ್ಣವೊಂದು ಎದ್ದಿತು. ನೆಲಮಾಳಿಗೆಯಲ್ಲಿ ವಾಹನಗಳಿಗೆ ಜಾಗ, ಅದರ ಮೇಲೆ ಹೂವು ತರಕಾರಿ, ಮಹಡಿಯಲ್ಲಿ ಯಂತ್ರೋಪಕರಣಗಳ ಅಂಗಡಿ. ನಕ್ಷೆಯಲ್ಲಿ ಎಲ್ಲವೂ ಚೆನ್ನ. ಆದರೆ ಒಂದು ಮಾರು ಹೂವಿಗಾಗಿ ಬಂದ ಗೃಹಿಣಿ ಮೆಟ್ಟಿಲು ಹತ್ತುತ್ತಾಳೆಯೇ? ಸ್ಪ್ಯಾನರ್ ಬೇಕಾದವನು ಹತ್ತಿಯಾನು. ಸ್ಪ್ಯಾನರ್ ನಾಳೆಯೂ ಸ್ಪ್ಯಾನರೇ. ಮಲ್ಲಿಗೆಗೆ ಮಧ್ಯಾಹ್ನದವರೆಗೂ ಪುರುಸೊತ್ತಿಲ್ಲ. ಒಬ್ಬ ಬುಟ್ಟಿಯನ್ನು ಹೊರಬಾಗಿಲಿಗೆ ತಂದಿಟ್ಟರೆ ಒಳಗೆ ಕುಳಿತವನ ಗಿರಾಕಿ ಅಲ್ಲಿಯೇ ನಿಂತ. ಆಮೇಲೆ ಅವನೂ ಹೊರಗೆ ಬಂದ. ಹೀಗೆ ಅಂಗಡಿಗಳಿದ್ದೂ ವ್ಯಾಪಾರ ಬೀದಿಯಲ್ಲಿಯೇ ಉಳಿಯಿತು. ಇದನ್ನು ವ್ಯಾಪಾರಿಗಳ ಅಶಿಸ್ತು ಎಂದು ಬೈಯುವುದು ಸುಲಭ. ಬಾಡುವ ಸರಕಿನ ಲೆಕ್ಕ ಬೇರೆಯೇ.

1999ರಲ್ಲಿ ಮೈಸೂರು ರಸ್ತೆಯ ಕಡೆಗೆ ಮೇಲ್ಸೇತುವೆ ಬಂತು. ವಾಹನಗಳಿಗೆಂದು ಕಟ್ಟಿದ ಸೇತುವೆ ಕೆಳಗೆ ಕುಳಿತವರಿಗೆ ನೆರಳೂ ಆಯಿತು. 2017ರ ಜೂನ್‌ನಲ್ಲಿ ಮೆಟ್ರೊ ನೆಲದಡಿಯಿಂದಲೇ ಬಂದು ನಿಂತಿತು. ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ ಜಯನಗರದ, ಮಲ್ಲೇಶ್ವರದ ಗಿರಾಕಿಗಳು ಚೀಲ ಹಿಡಿದು ಆರಾಮವಾಗಿ ಬರುವಂತಾಯಿತು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮಾರುಕಟ್ಟೆಯ ನವೀಕರಣವನ್ನೂ ಕೈಗೆತ್ತಿಕೊಂಡರು.

ಇಷ್ಟು ನಿಧಾನವೇಕೆ? ಮನೆ ರಿಪೇರಿಗೆ ನೆಂಟರ ಮನೆಗೆ ಹೋಗಬಹುದು; ಮಾರ್ಕೆಟ್ ಎಲ್ಲಿಗೆ ಹೋಗಬೇಕು? 2020ರಲ್ಲಿ ಕೋವಿಡ್ ಕಾರಣದಿಂದ ತಿಂಗಳುಗಟ್ಟಲೆ ಬಾಗಿಲು ಹಾಕಿದಾಗ ಅದರ ಉತ್ತರ ಸಿಕ್ಕಿತು. ಹೂವಿನ ಗಿಡ ಕೋವಿಡ್‌ಗೆ ಕಾಯುವುದಿಲ್ಲ. ಹಳ್ಳಿಯಲ್ಲಿ ಕೊಯ್ದದ್ದು ಹೊಲದಲ್ಲೇ ಬಾಡಿದರೆ, ಇಲ್ಲಿ ದಿನಗೂಲಿಯ ಹಮಾಲಿಯ ಒಲೆ ಹೊತ್ತುವುದು ಕಷ್ಟವಾಯಿತು. ಆದ್ದರಿಂದ ಇಲ್ಲಿ ಯಾವ ಕೆಲಸವಾದರೂ ವ್ಯಾಪಾರ ನಡೆಯುತ್ತಿರುವಾಗಲೇ, ಒಂದು ಮೂಲೆ ಬಿಟ್ಟು ಇನ್ನೊಂದು ಮೂಲೆಯಲ್ಲಿ ಆಗಬೇಕು.

ಹಾಗೆಂದು ಎಲ್ಲಕ್ಕೂ ಕಾಯಬೇಕಿಲ್ಲ. ಕೊಳೆತ ಎಲೆಯ ರಾಶಿಯನ್ನು ಹೊತ್ತಿಗೆ ಸರಿಯಾಗಿ ಎತ್ತಲು, ರಾತ್ರಿಯಿಡೀ ಕೂರುವ ಹೆಂಗಸರಿಗೆ ಒಂದು ಶುಚಿಯಾದ ಶೌಚಾಲಯವಿರಲು ಯಾವ ದೊಡ್ಡ ಯೋಜನೆ ಬೇಕು? ಕೋಟಿಗಳ ನಕ್ಷೆ ನೋಡುವವರ ಕಣ್ಣಿಗೆ ಇವು ಚಿಕ್ಕವಾಗಿ ಕಾಣುತ್ತವೆಯೋ ಏನೋ.

ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಬಂದು ನೋಡಬೇಕು. ಶಾಲೆಯ ಹುಡುಗಿಯೊಬ್ಬಳು ತಾಯಿಯ ಸೆರಗು ಹಿಡಿದು ಕೆಸರು ದಾಟುತ್ತಾಳೆ. ತಾಯಿ ಚೌಕಾಸಿ ಮಾಡುತ್ತಾಳೆ, ಹೂವಿನವಳು ಗೊಣಗುತ್ತಲೇ ಮೊಳ ಅಳೆಯುತ್ತಾಳೆ. ಕೊನೆಗೊಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿ ಹುಡುಗಿಯ ಕೈಗಿಡುತ್ತಾಳೆ. ತಾಯಿ ಮಗಳು ಮೆಟ್ರೊ ನಿಲ್ದಾಣದ ಮೆಟ್ಟಿಲು ಇಳಿಯುವಾಗ ಹೂವಿನವಳು ಬುಟ್ಟಿಯ ಮೇಲೆ ಇನ್ನೊಮ್ಮೆ ನೀರು ಚಿಮುಕಿಸುತ್ತಾಳೆ.