ಕಪ್ಪುಹಲಗೆಯ ಮೇಲಿನ ಹೆಸರುಗಳು



ಸರ್ಕಾರಿ ಶಾಲೆಗಳ ಖರ್ಚಿಗೆ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ, ಕೆಲವೇ ದಿನಗಳಲ್ಲಿ ಹಿಂಪಡೆದದ್ದು ನಿಮಗೆ ನೆನಪಿರಬಹುದು. ಆ ಸುದ್ದಿ ಓದಿದಾಗ ನನಗೆ ಬಾಣಾವರದ ದಿನಗಳು ಕಣ್ಮುಂದೆ ಬಂದವು.

1988ರಲ್ಲಿ ನಾನಲ್ಲಿ ವಿಜ್ಞಾನದ ಅಧ್ಯಾಪಕ. ಪ್ರಯೋಗಶಾಲೆಯೆಂದರೆ ಒಂದು ಬೀರು, ಅದರೊಳಗೆ ಬಿರುಕು ಬಿಟ್ಟ ಎರಡು ಬೀಕರು. ಆಮ್ಲಜನಕದ ತಯಾರಿಕೆಯನ್ನು ನಾನು ಸೀಮೆಸುಣ್ಣದಿಂದಲೇ ಮಾಡಿ ತೋರಿಸುತ್ತಿದ್ದೆ! ಕೊನೆಗೆ ಸಂಕೋಚ ತೊರೆದು ಕೊಬ್ಬರಿ ವರ್ತಕರ ಬಳಿ ಕೈಚಾಚಿದೆ. ಹತ್ತು, ಇಪ್ಪತ್ತು ಕೊಟ್ಟರು. ಒಬ್ಬರು, "ಮೇಷ್ಟ್ರಿಗೆ ಸಂಬಳ ಸಾಲದೇನೋ" ಎಂದು ನಕ್ಕು, 51 ರೂಪಾಯಿ ಕೊಟ್ಟರು. ಆ ಉತ್ಸಾಹದಲ್ಲಿ ಮಕ್ಕಳಿಗೂ ಹೇಳಿದೆ. ತಂದವರ ಹೆಸರನ್ನೂ ಮೊತ್ತವನ್ನೂ ಕಪ್ಪುಹಲಗೆಯ ಮೇಲೆ ಬರೆಯತೊಡಗಿದೆ.

ನಾಲ್ಕನೆಯ ದಿನದಿಂದ ಒಬ್ಬ ಹುಡುಗ ಶಾಲೆಗೆ ಬರಲಿಲ್ಲ. ಮನೆಗೆ ಹೋದರೆ ಅವನ ತಾಯಿ ಎರಡು ತೆಂಗಿನಕಾಯಿ ಮುಂದಿಟ್ಟು, "ಇವಕ್ಕೆ ಎಷ್ಟೂಂತ ಬರೀತೀರಿ ಸ್ವಾಮಿ?" ಎಂದರು. ಬೇಡವೆನ್ನುವ ಧೈರ್ಯ ನನಗಾಗಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಹಲಗೆ ಒರೆಸಿದೆ.

ಹುಡುಗ ಬಂದ. ಹಾಸನದಿಂದ ಪ್ರನಾಳಗಳು ಬಂದಾಗ ಹುಲ್ಲು ಬಿಡಿಸಿ ಜೋಡಿಸುವ ಕೆಲಸವನ್ನು ಅವನಿಗೇ ವಹಿಸಿದೆ. ಅವನು ಒಂದನ್ನೂ ಒಡೆಯಲಿಲ್ಲ. ಎರಡನ್ನು ನಾನೇ ಒಡೆದೆ.